ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸ್ ಎಲ್ಲಿಂದ ಶುರು ಮಾಡೋದು? ಹಾಸನ-ಚಿಕ್ಕಮಗಳೂರು ಕಡೆಯವ್ರು ಹೇಳಿ

ಸಿಲ್ವರ್_ಮರ:
ಎಲ್ರಿಗೂ ನಮಸ್ಕಾರ. ನಮ್ದು ಸಕಲೇಶಪುರದಿಂದ ಒಳಗೆ ಕಾಫಿ ತೋಟ. ಜುಲೈ ಬಂತು ಅಂದ್ರೆ ಮರ ಬಿದ್ದು ಕರೆಂಟ್ ಹೋಗುತ್ತೆ, ಅದರ ಹಿಂದೇನೇ ಟವರ್ರೂ ಹೋಗುತ್ತೆ, ಆಮೇಲೆ ಮೂರು ದಿನ ಫೋನು ಬರೀ ಟಾರ್ಚು. ಅದಕ್ಕೆ ಎರಡು ಬಾವೊಫೆಂಗ್ ವಾಕಿಟಾಕಿ ಸೆಟ್ ತರಿಸಿ ಒಂದು ನಾನಿಟ್ಕೊಂಡು ಒಂದು ನಮ್ಮ ರೈಟರಿಗೆ (ತೋಟದ ಆಳು-ಲೆಕ್ಕ ನೋಡ್ಕೊಳ್ಳೋರು) ಕೊಡೋಣ ಅಂತ. ಹ್ಯಾಮ್ ಲೈಸೆನ್ಸ್ ಬೇಕು ಅಂತಾರೆ, ನಾನೊಬ್ಬ ತಗೊಂಡ್ರೆ ಸಾಕಾ? ಮೋರ್ಸ್, ಅದೇ ಚುಕ್ಕಿ-ಗೆರೆ ಸಂಕೇತ, ಕಲೀಬೇಕಾ? ನಾನು ಬಿಕಾಂ ಸ್ವಾಮಿ, ಓಮ್ಸ್ ಲಾ ಎಲ್ಲ ಮರ್ತು ಎಷ್ಟೋ ವರ್ಷ ಆಯ್ತು.

ಹಾಸನ_ಆಂಟೆನಾ:
ಸೆಟ್ ಆರ್ಡರ್ ಮಾಡ್ಬೇಡಿ ಇನ್ನೂ. ನಿಮ್ಮ ಲೈಸೆನ್ಸ್ ಇಟ್ಕೊಂಡು ರೈಟರ್ ಮಾತಾಡಂಗಿಲ್ಲ, ಅವ್ರೂ ಪರೀಕ್ಷೆ ಪಾಸ್ ಮಾಡ್ಬೇಕು. ಮಾಡಿದ್ರು ಅಂತಾನೇ ಇಟ್ಕೊಳ್ಳಿ, ಆಗ್ಲೂ ಹ್ಯಾಮ್ ಬ್ಯಾಂಡಲ್ಲಿ "ಇವತ್ತು ಎಷ್ಟಾಳು ಬಂತು, ಗೊಬ್ಬರ ಇಳೀತಾ" ಅಂತ ಕೇಳೋ ಹಾಗಿಲ್ಲ, ಯಾಕಂದ್ರೆ ಇದು ಹವ್ಯಾಸಕ್ಕೆ ಅಂತ ಇರೋದು, ದುಡಿಮೆ ವ್ಯವಹಾರಕ್ಕಲ್ಲ. ತೋಟದ ಕೆಲ್ಸಕ್ಕೆ 446.0ರಿಂದ 446.2 ಮೆಗಾಹರ್ಟ್ಸ್ ಒಳಗೆ ಕೆಲ್ಸ ಮಾಡೋ ಲೈಸೆನ್ಸ್ ಬೇಡದ ವಾಕಿಟಾಕಿ ನೋಡಿ. ಅರ್ಧ ವ್ಯಾಟ್ ಅಷ್ಟೇ, ದಿಣ್ಣೆ ಅಡ್ಡ ಬಂತೋ ಕಥೆ ಮುಗೀತು.

ಆದ್ರೂ ಹ್ಯಾಮ್ ಹುಚ್ಚು ಇದ್ರೆ ರಿಸ್ಟ್ರಿಕ್ಟೆಡ್ ಗ್ರೇಡ್ ಪರೀಕ್ಷೆ ಬರೀರಿ, ಅದಕ್ಕೆ ಮೋರ್ಸ್ ಇಲ್ಲ. ಜನರಲ್ ಗ್ರೇಡಿಗೆ ಮಾತ್ರ ನಿಮಿಷಕ್ಕೆ 8 ಪದದ ಮೋರ್ಸ್ ಬರ್ಬೇಕು. ವಯಸ್ಸು 12 ತುಂಬಿದ್ರೆ ಸಾಕು. ರೇಡಿಯೋ ಥಿಯರಿ ಒಂದು ಭಾಗ, ಕಾನೂನು ಇನ್ನೊಂದು, ಕಾನೂನು ಬಾಯಿಪಾಠ ಆದ್ರೆ ಅರ್ಧ ಗೆದ್ದಂಗೆ. ಅರ್ಜಿ ಸರ್ಕಾರದ ಸರಳ್ ಸಂಚಾರ್ ಪೋರ್ಟಲ್ಲಲ್ಲಿ. ಲೈಸೆನ್ಸ್ ಫೀಸು 20 ವರ್ಷಕ್ಕೆ 1000, ಲೈಫ್‌ಟೈಮ್ 2000. ನಾನು ಬೆಂಗಳೂರಿಗೆ ಹೋಗಿ ಬರ್ದು ಬಂದೆ, ಬಸ್ಸಲ್ಲೇ ಓದಿದ್ದು ಜಾಸ್ತಿ ಬಂದಿತ್ತು ನಿಜ ಹೇಳ್ಬೇಕಂದ್ರೆ. ಪಾಸಾದ್ರೆ ವಿಯು3 ಇಂದ ಶುರು ಆಗೋ ಕಾಲ್‌ಸೈನ್, ಅಂದ್ರೆ ರೇಡಿಯೋದಲ್ಲಿ ನಿಮ್ಮ ಗುರುತಿನ ಹೆಸರು, ಬರುತ್ತೆ.

ಗಿರಿ_ಗಾಳಿ, ಚಿಕ್ಕಮಗಳೂರು:
ಥಿಯರಿಗೆ ಹೆದರ್ಬೇಡಿ. 300ನ್ನ ಮೆಗಾಹರ್ಟ್ಸಿಂದ ಭಾಗಿಸಿ, ಮೀಟರಲ್ಲಿ ಅಲೆ ಉದ್ದ ಬಂತು, 145ಕ್ಕೆ ಸುಮಾರು 2, ಅದಕ್ಕೇ ಟೂ ಮೀಟರ್ ಬ್ಯಾಂಡ್ ಅನ್ನೋದು. ನಾನಂತೂ ಮೊದ್ಲು ಕೇಳೋದ್ರಿಂದ ಶುರು ಮಾಡಿ ಅಂತೀನಿ, ವೆಬ್‌ಎಸ್‌ಡಿಆರ್ ಅಂತ ಹುಡುಕಿ, ಬೇರೆ ಯಾರದ್ದೋ ರಿಸೀವರ್ ನಿಮ್ಮ ಫೋನಲ್ಲೇ ತಿರುಗಿಸ್ಬೋದು. ಆಕಾಶದಲ್ಲಿರೋ ಬಾಹ್ಯಾಕಾಶ ನಿಲ್ದಾಣ ಐಎಸ್‌ಎಸ್ 145.800 ಮೆಗಾಹರ್ಟ್ಸಲ್ಲಿ ಕೆಲವೊಮ್ಮೆ ಚಿತ್ರ ಕಳಿಸುತ್ತೆ, ತಲೆ ಮೇಲೆ ಹಾದುಹೋಗೋದು ಹತ್ತು ನಿಮಿಷ ಅಷ್ಟೇ. ಮೊದಲ್ನೇ ಸಲ ನಾನು ಹಿಡಿದಾಗ ಅರ್ಧ ಚಿತ್ರ ಬರೀ ಇರುವೆ ಓಡಾಡಿದಂಗೆ, ಆದ್ರೂ ಅಮ್ಮನ್ನ ಎಬ್ಬಿಸಿ ತೋರ್ಸಿದ್ದೆ.

ಇನ್ನೊಂದು, ನಮ್ಮ ಊರಲ್ಲಿ ವ್ಯಾಟಿಗಿಂತ ಎತ್ತರಾನೇ ಮುಖ್ಯ. ಕಣಿವೇಲಿ ನಿಂತ್ರೆ 5 ವ್ಯಾಟ್ ಪಕ್ಕದ ತೋಟಕ್ಕೂ ಮುಟ್ಟಲ್ಲ, ಮುಳ್ಳಯ್ಯನಗಿರಿ ಮೇಲೆ ನಿಂತ್ರೆ ಅದೇ ಸೆಟ್ಟು ಹಾಸನದ ಕಡೆ ಬಯಲಿಗೆಲ್ಲ ಕೇಳುತ್ತೆ. ನಿಮ್ಗೆ ಸಿಲ್ವರ್ ಮರ ಇದ್ಯಲ್ಲ, ಮೆಣಸು ಕೊಯ್ಯೋರ ಕೈಲೇ ಆಂಟೆನಾ ಕಟ್ಟಿಸಿ.

ಸಿಲ್ವರ್_ಮರ:
ಸರಿ ಹಾಗಾದ್ರೆ, ರೈಟರಿಗೆ 446, ನಂಗೆ ಓಮ್ಸ್ ಲಾ. ಮಗಳು ಎಸ್ಸೆಸ್ಸೆಲ್ಸಿ, ಅವಳ ಸೈನ್ಸ್ ಪುಸ್ತಕ ಕೇಳ್ದೆ, ನಂದೂ ಅರ್ಜಿ ಹಾಕಿದ್ರೆ ಕೊಡ್ತೀನಿ ಅಂತಿದಾಳೆ 😅