ಹೆಡ್‌ಫೋನಿನಲ್ಲಿ ತುಂಬಿ ತುಳುಕಿದ ಲೀಡ್ ವೇದಿಕೆಯಲ್ಲಿ ಪೀಚಲಾದದ್ದು ಏಕೆ? (ಪ್ರಶ್ನೋತ್ತರ)

ಪ್ರಶ್ನೆ (ಹುಬ್ಬಳ್ಳಿಯ ಸದಸ್ಯರು): ಮೇಡಂ, ನಮಸ್ಕಾರ. ಮನೆಯಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಹೌಸ್ ಸಂಗೀತ ಮಾಡುತ್ತೇನೆ. ಹೋದ ತಿಂಗಳು ಒಂದು ಕಾಲೇಜಿನ ಉತ್ಸವದಲ್ಲಿ ನನ್ನ ಟ್ರ್ಯಾಕ್ ಹಾಕಿಸಿದ್ದೆ. ಹೆಡ್‌ಫೋನಿನಲ್ಲಿ ಲೀಡ್ ಸಿಂಥ್ (ಮುಖ್ಯ ರಾಗ ನುಡಿಸುವ ಸಿಂಥಸೈಸರ್ ಧ್ವನಿ) ಎರಡೂ ಕಿವಿಗಳಾಚೆಗೆ ಹರಡಿಕೊಂಡು ಬಹಳ ಚೆನ್ನಾಗಿತ್ತು. ಉತ್ಸವದಲ್ಲಿ ಕಿಕ್ (ತಾಳದ ದೊಡ್ಡ ಡ್ರಮ್), ಬಾಸ್ ಸರಿಯಾಗಿಯೇ ಬಂದವು. ಲೀಡ್ ಮಾತ್ರ ಕೆಟ್ಟಿತು. ಜಿ ಸ್ವರ ಗಟ್ಟಿಯಾಗಿ ಬರುತ್ತಿತ್ತು, ಅದರ ಬೆನ್ನಿಗೇ ಬರುವ ಬಿ ಸ್ವರ ಸೊರಗಿ ಹೋಗುತ್ತಿತ್ತು. ಸೌಂಡ್ ನೋಡಿಕೊಳ್ಳುವವರನ್ನು ಕೇಳಿದರೆ ಎಲ್ಲ ಸ್ಪೀಕರ್‌ಗಳಿಗೂ ಮೋನೊ (ಎಡ ಬಲ ಕೂಡಿಸಿದ ಒಂದೇ ಧ್ವನಿ) ಕೊಟ್ಟಿದ್ದೇವೆ ಎಂದರು. ಲೀಡನ್ನು ಅಗಲ ಮಾಡಲು ನಾನು ಮಾಡಿದ್ದು ಇಷ್ಟೇ: ಅದರ ನಕಲು ತೆಗೆದು, ಒಂದನ್ನು ಪೂರ್ತಿ ಎಡಕ್ಕೆ, ಇನ್ನೊಂದನ್ನು ಪೂರ್ತಿ ಬಲಕ್ಕೆ ಪ್ಯಾನ್ ಮಾಡಿ (ಅಂದರೆ ಆ ಬದಿಯ ಸ್ಪೀಕರಿಗೆ ಸರಿಸಿ), ಬಲದ್ದನ್ನು 10 ಮಿಲಿಸೆಕೆಂಡು ತಡ ಮಾಡಿದೆ. ತಪ್ಪು ಎಲ್ಲಿ?

ಉತ್ತರ: ನಮಸ್ಕಾರ. ತಪ್ಪು ಆ 10 ಮಿಲಿಸೆಕೆಂಡಿನಲ್ಲೇ ಇದೆ. ನೀವು ಸ್ವರದ ಹೆಸರು ಹೇಳಿದ್ದು ಒಳ್ಳೆಯದಾಯಿತು. ಲೆಕ್ಕ ಹಾಕಿ ತೋರಿಸುತ್ತೇನೆ.

ಒಂದೇ ಧ್ವನಿ ಸ್ವಲ್ಪ ತಡವಾಗಿ ಇನ್ನೊಂದು ದಿಕ್ಕಿನಿಂದ ಬಂದರೆ ಕಿವಿ ಅದನ್ನು ಎರಡೆಂದು ಎಣಿಸುವುದಿಲ್ಲ, ಅಗಲವಾದ ಒಂದೇ ಧ್ವನಿಯಾಗಿ ಕೇಳುತ್ತದೆ. ಜರ್ಮನಿಯ ಗಟಿಂಗನ್‌ನಲ್ಲಿ ಹೆಲ್ಮುಟ್ ಹಾಸ್ 1949ರಲ್ಲಿ ತಮ್ಮ ಸಂಶೋಧನಾ ಪ್ರಬಂಧದಲ್ಲಿ ಇದನ್ನು ಅಳೆದು ತೋರಿಸಿದರು. ಅದಕ್ಕೇ ಇದನ್ನು ಹಾಸ್ ಪರಿಣಾಮ ಎನ್ನುತ್ತೇವೆ. ಎಡ ಬಲ ಬೇರೆ ಬೇರೆಯಾಗಿ ಇರುವಷ್ಟು ಹೊತ್ತು ಈ ಉಪಾಯ ನಡೆಯುತ್ತದೆ. ಮೋನೊದಲ್ಲಿ ಎರಡೂ ಒಂದೇ ತಂತಿಯಲ್ಲಿ ಕೂಡುತ್ತವೆ. 10 ಮಿಲಿಸೆಕೆಂಡು ಹಿಂದುಳಿದ ಅಲೆ ಮೊದಲಿನದಕ್ಕೆ ಸೇರಿದಾಗ 50, 150, 250, 350 ಹರ್ಟ್ಸ್‌ಗಳಲ್ಲಿ ಒಂದರ ಏರು ಇನ್ನೊಂದರ ಇಳಿಗೆ ಎದುರಾಗಿ ಎರಡೂ ಅಳಿಸಿಹೋಗುತ್ತವೆ. 100, 200, 300ರಲ್ಲಿ ಏರಿಗೆ ಏರು ಸೇರಿ ದುಪ್ಪಟ್ಟಾಗುತ್ತದೆ.

ಈಗ ನಿಮ್ಮ ಸ್ವರಗಳನ್ನು ಇದರ ಪಕ್ಕದಲ್ಲಿಡಿ. ಮಧ್ಯದ ಸಿ ಸ್ವರಕ್ಕಿಂತ ಕೆಳಗಿನ ಜಿ 196 ಹರ್ಟ್ಸ್, ಅಂದರೆ 200ರ ಪಕ್ಕದಲ್ಲೇ ಇದೆ. ಹಾಗಾಗಿ ಉಬ್ಬಿತು. ಬಿ 247 ಹರ್ಟ್ಸ್, 250ರ ಹಳ್ಳದೊಳಗೆ ಬಿತ್ತು. ಮೂಲಸ್ವರದ ಮಟ್ಟಿಗೆ ಇವೆರಡರ ನಡುವೆ ಸುಮಾರು 20 ಡೆಸಿಬೆಲ್ ವ್ಯತ್ಯಾಸ ಬರುತ್ತದೆ. ಅದೂ ಅಲ್ಲದೆ ಬಿಯ ಎರಡು ಪಟ್ಟು, ನಾಲ್ಕು ಪಟ್ಟಿನ ಉಪಸ್ವರಗಳು ಉಳಿದು, ಮೂಲವೂ ಮೂರು ಪಟ್ಟಿನದೂ ಹೋಗಿರುತ್ತವೆ. ಒಂದು ಆಕ್ಟೇವ್ ಮೇಲಿನಿಂದ ಯಾರೋ ತೆಳ್ಳಗೆ ನುಡಿಸಿದಂತೆ ಕೇಳಿಸಿರಬೇಕಲ್ಲವೇ? ಸೌಂಡ್ ಸಿಸ್ಟಮಿನವರ ದೋಷ ಇದರಲ್ಲಿ ಏನೂ ಇಲ್ಲ. ದೊಡ್ಡ ಬಯಲಿನಲ್ಲಿ ಮೋನೊ ಕೊಡುವುದೇ ಸರಿಯಾದ ಕ್ರಮ. ಸ್ಟೀರಿಯೊ ಕೊಟ್ಟರೆ ಎಡಗಡೆ ನಿಂತವರಿಗೆ ಅರ್ಧ ಹಾಡು ಮಾತ್ರ ಸಿಗುತ್ತದೆ.

ಸರಿಪಡಿಸುವುದು ಹೀಗೆ. ನಕಲನ್ನು ಅಳಿಸಿ. ಲೀಡಿನ ಮೂಲ ಧ್ವನಿಯನ್ನು ನಡುವೆ ಇಟ್ಟು, ಅದರ ರಿವರ್ಬನ್ನೂ (ಕೋಣೆಯ ಅನುರಣನ) ಪ್ರತಿಧ್ವನಿಯನ್ನೂ ಎರಡು ಬದಿಗೆ ಹರಡಿ. ಮೋನೊದಲ್ಲಿ ಬದಿಯವು ಕೊಂಚ ತಗ್ಗಿದರೂ ನಡುವಿನ ರಾಗ ಉಳಿಯುತ್ತದೆ. ಎರಡು ಬದಿಯಲ್ಲೂ ಲೀಡ್ ಬೇಕೇ ಬೇಕು ಎಂದಾದರೆ ಬಲಗಡೆಗೆ ನಕಲು ಹಾಕಬೇಡಿ, ಅದೇ ಸಾಲನ್ನು ಬೇರೆ ಪ್ಯಾಚಿನಲ್ಲಿ (ಸಿಂಥಿನ ಬೇರೊಂದು ಧ್ವನಿಯಲ್ಲಿ) ನುಡಿಸಿ. ಅಲೆಗಳು ಒಂದಕ್ಕೊಂದು ಪಡಿಯಚ್ಚಲ್ಲದಿದ್ದರೆ ಈ ಹಳ್ಳ ದಿಣ್ಣೆಗಳು ಇಷ್ಟು ಕ್ರಮವಾಗಿ ಬರುವುದಿಲ್ಲ.

ಇನ್ನು ಮುಂದೆ ಕ್ರಮವನ್ನೇ ಬದಲಿಸಿಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ. ಮಾಸ್ಟರ್ ಟ್ರ್ಯಾಕನ್ನು (ಎಲ್ಲ ಧ್ವನಿಗಳೂ ಕೂಡುವ ಕೊನೆಯ ಟ್ರ್ಯಾಕ್) ಮೋನೊ ಮಾಡಿ, ಎಲ್ಲ ಪ್ಯಾನ್‌ಗಳನ್ನೂ ನಡುವೆ ಇಟ್ಟು, ಮೊದಲು ಮಟ್ಟಗಳನ್ನು ಕೂರಿಸಿ. ಮೋನೊದಲ್ಲಿ ಪ್ರತಿಯೊಂದೂ ಕೇಳಿಸುವಂತಾದ ಮೇಲೆ ಸ್ಟೀರಿಯೊ ತೆರೆಯಿರಿ. ಎರಡು ಧ್ವನಿಗಳು ಒಂದನ್ನೊಂದು ಮುಚ್ಚುತ್ತಿದ್ದರೆ ಪ್ಯಾನ್ ಅವನ್ನು ದೂರ ಸರಿಸುತ್ತದೆ, ಜಗಳ ಬಿಡಿಸುವುದಿಲ್ಲ. ಮೋನೊ ಆದ ತಕ್ಷಣ ಜಗಳ ಮತ್ತೆ ಶುರುವಾಗುತ್ತದೆ.

ಪ್ರಶ್ನೆ (ಅದೇ ಸದಸ್ಯರು): ಧನ್ಯವಾದ ಮೇಡಂ. ಹಾಗಾದರೆ ಬಾಸನ್ನು ಸ್ವಲ್ಪವೂ ಪ್ಯಾನ್ ಮಾಡಬಾರದೇ?

ಉತ್ತರ: ಸುಮಾರು 100 ಹರ್ಟ್ಸ್‌ಗಿಂತ ಕೆಳಗಿನದನ್ನು ಬೇಡ. 50 ಹರ್ಟ್ಸ್‌ನ ಒಂದು ಅಲೆ ಗಾಳಿಯಲ್ಲಿ ಸುಮಾರು 7 ಮೀಟರ್ ಉದ್ದ. ಒಂದು ಕಿವಿಯಿಂದ ಇನ್ನೊಂದಕ್ಕೆ ಒಂದು ಗೇಣು ದೂರವೂ ಇಲ್ಲ. ಅಷ್ಟು ಉದ್ದದ ಅಲೆಗೆ ತಲೆ ಅಡ್ಡವೇ ಆಗುವುದಿಲ್ಲ, ದಿಕ್ಕು ತಿಳಿಯುವುದು ಕಷ್ಟ. ದಿಕ್ಕು ತಿಳಿಯದ ಕಡೆ ಪ್ಯಾನ್ ಮಾಡಿದರೆ ಸಿಗುವುದು ನಷ್ಟವೊಂದೇ: ಎರಡು ವೂಫರ್‌ಗಳು ಹೊರಬೇಕಾದ ಭಾರ ಒಂದರ ಮೇಲೆ ಬೀಳುತ್ತದೆ. ಗ್ರಾಮಫೋನ್ ತಟ್ಟೆಯ ಕಾಲದಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಇತ್ತು. ಎಡ ಬಲಗಳಲ್ಲಿ ಎದುರುಬದುರಾದ ಬಾಸ್ ಇದ್ದರೆ ಮುಳ್ಳು ತಟ್ಟೆಯ ತೋಡಿನಿಂದಲೇ ಹಾರುತ್ತಿತ್ತು, ಆದ್ದರಿಂದ ತಟ್ಟೆ ಕೊರೆಯುವವರು ಕೆಳಸ್ವರಗಳನ್ನು ನಡುವಿಗೆ ತರುತ್ತಿದ್ದರು. ಬಾಸಿನ ಮೇಲ್ಭಾಗದ ಗೀರು ಧ್ವನಿಗೆ ಕೋರಸ್ ಹಾಕಿ ಅಗಲ ಮಾಡಿಕೊಳ್ಳಿ, ಅಡ್ಡಿಯಿಲ್ಲ.

ಕಿಕ್, ಬಾಸ್, ಕ್ಲ್ಯಾಪ್, ಮುಖ್ಯ ಹಾಡುಗಾರಿಕೆ ಬಾಳೆಲೆಯ ಅನ್ನದಂತೆ ನಡುವಿನವು. ಹೈಹ್ಯಾಟ್ ಎಡಕ್ಕೆ ಕಾಲು ಭಾಗ ಹೋದರೆ ಶೇಕರ್ ಬಲಕ್ಕೆ ಅಷ್ಟೇ ಹೋಗಲಿ. ಎರಡೂ ಒಂದೇ ಎತ್ತರದ ಧ್ವನಿಗಳಾದ್ದರಿಂದ ತಕ್ಕಡಿ ಸಮವಾಗಿರುತ್ತದೆ.

ಪ್ರಶ್ನೆ (ಮೈಸೂರಿನ ಸದಸ್ಯರು): ಮೇಡಂ, ನನ್ನದು ಮಟ್ಟದ ತೊಂದರೆ. ಕಿಕ್ಕನ್ನು ಸೊನ್ನೆ ಡೆಸಿಬೆಲ್‌ಗೆ (ಮೀಟರಿನ ಮೇಲಿನ ಮಿತಿಗೆ) ತಾಗುವಂತೆ ಇಟ್ಟು ಶುರು ಮಾಡುತ್ತೇನೆ. ಬಾಸ್ ಸೇರಿಸುವಷ್ಟರಲ್ಲಿ ಮಾಸ್ಟರ್ ಕೆಂಪಾಗುತ್ತದೆ. ಮಿತಿ ದಾಟುವ ತುದಿಗಳನ್ನು ತಡೆಯುವ ಲಿಮಿಟರ್ ಹಾಕಿದರೆ ಕಿಕ್ ಸಪ್ಪೆಯಾಗುತ್ತದೆ.

ಉತ್ತರ: ಕೊಡ ಮೊದಲೇ ತುಂಬಿದೆ, ಬಾಸಿಗೆ ಜಾಗ ಎಲ್ಲಿದೆ? ಒಂದೇ ಧ್ವನಿಯನ್ನು ಎರಡು ಸಲ ಕೂಡಿದರೆ 6 ಡೆಸಿಬೆಲ್ ಏರುತ್ತದೆ. ಸಂಬಂಧವಿಲ್ಲದ, ಸಮಬಲದ ಎರಡು ಧ್ವನಿಗಳು ಕೂಡಿದರೆ ಸರಾಸರಿ 3 ಡೆಸಿಬೆಲ್ ಏರುತ್ತದೆ. ನಿಮ್ಮಲ್ಲಿ ಇಪ್ಪತ್ತು ಟ್ರ್ಯಾಕ್‌ಗಳಿರಬಹುದು.

ಎಲ್ಲ ಫೇಡರ್‌ಗಳನ್ನೂ ಕೆಳಗಿಳಿಸಿ. ಕಿಕ್ ಒಂದನ್ನೇ ಏರಿಸಿ, ಅದರ ತುದಿ ಮೈನಸ್ 10ರ ಸುತ್ತ ನಿಲ್ಲಲಿ. ಇದು ಕಾನೂನಲ್ಲ, ನನ್ನ ರೂಢಿ. ಮುಂದೆ ಬಾಸ್. ಇಲ್ಲಿ ಮೀಟರ್ ನೋಡಬೇಡಿ, ಕಣ್ಣು ಮುಚ್ಚಿ ಕೇಳಿ: ಕಿಕ್ಕಿನ ಬಡಿತ ಬಾಸಿನ ಮೇಲಿಂದ ಸ್ಪಷ್ಟವಾಗಿ ಕೇಳಬೇಕು, ಬಡಿತಗಳ ನಡುವೆ ಬಾಸ್ ಮೈ ತುಂಬಿಕೊಳ್ಳಬೇಕು. ಎರಡೂ ಒಂದೇ ಕ್ಷಣದಲ್ಲಿ ಬಿದ್ದು ಮಂಕಾಗುತ್ತಿದ್ದರೆ ಸೈಡ್‌ಚೈನ್ ಕಂಪ್ರೆಸರ್ ಹಾಕಿ, ಕಿಕ್ ಬಂದಾಗಲೆಲ್ಲ ಬಾಸ್ ಕ್ಷಣ ಹೊತ್ತು ತಗ್ಗಲಿ. ಆಮೇಲೆ ಕ್ಲ್ಯಾಪ್, ಹಾಡು ಅಥವಾ ಲೀಡ್, ಕೊನೆಗೆ ಪ್ಯಾಡ್ (ಹಿನ್ನೆಲೆಯಲ್ಲಿ ನಿಲ್ಲುವ ಉದ್ದನೆಯ ಸ್ವರಗಳು). ಪ್ಯಾಡನ್ನು ಕೇಳಿಸಿದ ಮಟ್ಟದಿಂದ ಒಂದೆರಡು ಡೆಸಿಬೆಲ್ ಇಳಿಸಿಯೇ ಬಿಡುತ್ತೇನೆ. ತೆಗೆದಾಗ ಕೊರತೆ ಕಂಡರೆ ಸಾಕು.

ಎಲ್ಲ ಸೇರಿದ ಮೇಲೆ ಮಾಸ್ಟರಿನ ತುದಿ ಮೈನಸ್ 6ರ ಹತ್ತಿರ ಇದ್ದರೆ ಮಾಸ್ಟರಿಂಗ್ ಮಾಡುವವರಿಗೆ ಕೈಯಾಡಿಸಲು ಜಾಗ ಸಿಗುತ್ತದೆ. ಒಳಗಡೆ ಸಾಫ್ಟ್‌ವೇರ್ 32 ಬಿಟ್ ಫ್ಲೋಟಿನಲ್ಲಿ ಲೆಕ್ಕ ಹಾಕುತ್ತಿದ್ದರೆ ಸೊನ್ನೆ ದಾಟಿದರೂ ಅಲೆ ಕತ್ತರಿಸುವುದಿಲ್ಲ, ಆದರೆ 24 ಬಿಟ್ ಫೈಲಾಗಿ ಹೊರಗೆ ತೆಗೆದ ಕೂಡಲೇ ಕತ್ತರಿಸುತ್ತದೆ. ಜೋರು ಎಂಬುದರ ಹಿಂದೆ ಈಗಲೇ ಓಡಬೇಡಿ. ಸ್ಪಾಟಿಫೈ ತನ್ನ ಸಾಮಾನ್ಯ ಹೊಂದಿಕೆಯಲ್ಲಿ ಎಲ್ಲರ ಹಾಡನ್ನೂ ಸುಮಾರು ಮೈನಸ್ 14 ಲಫ್ಸ್‌ಗೆ (ಕಿವಿಗೆ ಕೇಳುವ ಜೋರನ್ನು ಅಳೆಯುವ ಮಾನ) ತಂದು ನಿಲ್ಲಿಸುತ್ತದೆ. ಜಜ್ಜಿ ಜೋರು ಮಾಡಿದ ಹಾಡು ಅಲ್ಲಿ ತಗ್ಗುತ್ತದೆ, ಜಜ್ಜಿದ ಗಾಯ ಹಾಗೇ ಉಳಿಯುತ್ತದೆ.

ಕೇಳುವ ಮಟ್ಟವನ್ನೂ ಬದಲಿಸುತ್ತಿರಿ. ಧ್ವನಿ ಸಣ್ಣದಾದಂತೆ ಕಿವಿಗೆ ಬಾಸ್ ಹೆಚ್ಚು ಬೇಗ ಮಾಯವಾಗುತ್ತದೆ ಎಂದು ಅಮೆರಿಕದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದಿದ್ದರು. ರಾತ್ರಿಯಿಡೀ ಮೆಲ್ಲಗೆ ಕೇಳಿ ಮಿಕ್ಸ್ ಮಾಡಿದರೆ ಬಾಸನ್ನು ಅತಿಯಾಗಿ ಸುರಿಯುತ್ತೀರಿ, ಜೋರಾಗಿ ಕೇಳಿ ಮಾಡಿದರೆ ಕಡಿಮೆ ಹಾಕುತ್ತೀರಿ.

ಪ್ರಶ್ನೆ (ಬೆಂಗಳೂರಿನ ಸದಸ್ಯರು): ಒಂದು ಸಾಫ್ಟ್‌ವೇರಿನಿಂದ ಇನ್ನೊಂದಕ್ಕೆ ಅದೇ ಟ್ರ್ಯಾಕ್‌ಗಳನ್ನು ಸಾಗಿಸಿದೆ. ಫೇಡರ್, ಪ್ಯಾನ್ ಎಲ್ಲ ಅವೇ ಅಂಕಿಗಳು. ಆದರೂ ಬದಿಯಲ್ಲಿದ್ದ ಹೈಹ್ಯಾಟ್ ಜೋರಾಗಿದೆ.

ಉತ್ತರ: ಪ್ಯಾನ್ ನಿಯಮ ಬೇರೆ ಇರಬೇಕು. ನಡುವಿನ ಧ್ವನಿ ಎರಡು ಸ್ಪೀಕರ್‌ಗಳಿಂದಲೂ ಬರುವುದರಿಂದ ಬದಿಯದಕ್ಕಿಂತ ಜೋರಾಗಿ ಕೇಳಿಸುತ್ತದೆ. ಅದನ್ನು ಸರಿದೂಗಿಸಲು ಕೆಲವು ಸಾಫ್ಟ್‌ವೇರ್‌ಗಳು ನಡುವಿನದನ್ನು 3 ಡೆಸಿಬೆಲ್ ತಗ್ಗಿಸುತ್ತವೆ, ಕೆಲವು ನಾಲ್ಕೂವರೆ, ಕೆಲವು 6, ಇನ್ನು ಕೆಲವು ಏನನ್ನೂ ಮಾಡುವುದಿಲ್ಲ. ಪ್ರಾಜೆಕ್ಟಿನ ಸೆಟ್ಟಿಂಗ್‌ನಲ್ಲಿ ಹುಡುಕಿ, ಹಳೆಯದಕ್ಕೆ ಹೊಂದಿಸಿ. ಕೆಲಸದ ನಡುವೆ ಮಾತ್ರ ಇದನ್ನು ಮುಟ್ಟಬೇಡಿ, ಕೂರಿಸಿದ ಮಟ್ಟಗಳೆಲ್ಲ ಕದಲುತ್ತವೆ. 3 ಡೆಸಿಬೆಲ್ ನಿಯಮದಲ್ಲಿ ಕೆಲಸ ಮಾಡುವವರು ಇನ್ನೊಂದನ್ನು ಗಮನಿಸಿ: ಮೋನೊ ಮಾಡಿದಾಗ ಪೂರ್ತಿ ಬದಿಗಿಟ್ಟ ಧ್ವನಿ ನಡುವಿನದಕ್ಕೆ ಹೋಲಿಸಿದರೆ 3 ಡೆಸಿಬೆಲ್ ತಗ್ಗುತ್ತದೆ.

ಪ್ರಶ್ನೆ (ಮಸ್ಕತ್‌ನಿಂದ ಒಬ್ಬ ಸದಸ್ಯೆ): ಮೇಡಂ, ನಮ್ಮದು ಫ್ಲ್ಯಾಟ್. ಮಗು ಮಲಗಿದ ಮೇಲೆ ಹೆಡ್‌ಫೋನಿನಲ್ಲಷ್ಟೇ ಕೆಲಸ ಸಾಧ್ಯ. ಪ್ಯಾನ್ ಸರಿಯಾಗಿ ಮಾಡಬಹುದೇ?

ಉತ್ತರ: ಮಾಡಬಹುದು. ಸ್ಪೀಕರಿನಲ್ಲಿ ಎಡದ ಧ್ವನಿ ಬಲಗಿವಿಗೂ ಕೊಂಚ ತಡವಾಗಿ ತಲುಪುತ್ತದೆ. ಹೆಡ್‌ಫೋನಿನಲ್ಲಿ ಆ ಸೋರಿಕೆ ಇಲ್ಲ, ಹಾಗಾಗಿ ಬದಿಯ ಧ್ವನಿ ಇರುವುದಕ್ಕಿಂತ ಹೆಚ್ಚು ಪ್ರತ್ಯೇಕವಾಗಿ ಕೇಳಿಸುತ್ತದೆ. ರಾತ್ರಿ ಮಾಡಿದ್ದನ್ನು ಬೆಳಗ್ಗೆ ಅಡುಗೆಮನೆಯಲ್ಲಿ ಒಂದೇ ಚಿಕ್ಕ ಬ್ಲೂಟೂತ್ ಸ್ಪೀಕರಿನಲ್ಲಿ ಹಾಕಿ ಕೇಳಿ. ಕುಕ್ಕರಿನ ಸದ್ದಿನ ನಡುವೆಯೂ ಲೀಡ್ ಕೇಳಿಸಿದರೆ ಮಟ್ಟ ಸರಿಯಿದೆ.

ಹುಬ್ಬಳ್ಳಿಯ ಸದಸ್ಯರು: ಮೇಡಂ, ನೀವು ಹೇಳಿದಂತೆ ನಕಲು ತೆಗೆದು ಮತ್ತೆ ಮಾಡಿ, ಮೋನೊ ಮತ್ತು ಸ್ಟೀರಿಯೊ ಎರಡನ್ನೂ ಕಳುಹಿಸಿದ್ದೇನೆ. ಮೋನೊದಲ್ಲೂ ಬಿ ಸ್ವರ ನಿಂತಿದೆ!

ಉತ್ತರ: ಕೇಳಿದೆ, ಸಂತೋಷವಾಯಿತು. ಆ ಎರಡು ಸ್ವರಗಳು ಈಗ ಒಂದೇ ಕೊರಳಿನಿಂದ ಬಂದಂತಿವೆ. ಲೀಡ್ ನಡುವಿಗೆ ಬಂದದ್ದರಿಂದ ಕ್ಲ್ಯಾಪ್ ಅದರ ಮೇಲೆ ಬೀಳುತ್ತಿದೆ. ಕ್ಲ್ಯಾಪನ್ನು ಒಂದೂವರೆ ಡೆಸಿಬೆಲ್ ಇಳಿಸಿ, ಅದರ ರಿವರ್ಬನ್ನು ಮಾತ್ರ ಬದಿಗಳಿಗೆ ಕಳುಹಿಸಿ, ಇನ್ನೊಮ್ಮೆ ಫೈಲ್ ಹಾಕಿ.