ಕಾಗುಣಿತ ಶುರುವಾದ ಕೂಡಲೇ ವಯಸ್ಕರ ತರಗತಿ ಖಾಲಿ: ಎಲ್ಲಿ ತಪ್ಪುತ್ತಿದೆ?

ಪ್ರಶ್ನೆ:
ವಾರಕ್ಕೆ ನಾಲ್ಕು ಸಂಜೆ, ದಿನಕ್ಕೆ ಒಂದೂವರೆ ಗಂಟೆ ಪಾಠ. ಕಲಿಯುವವರು 25ರಿಂದ 60 ವಯಸ್ಸಿನವರು. ವರ್ಣಮಾಲೆ ಮುಗಿದು ಕಾಗುಣಿತಕ್ಕೆ ಬರುವಷ್ಟರಲ್ಲಿ ಹಾಜರಾತಿ ಅರ್ಧಕ್ಕೆ ಇಳಿಯುತ್ತದೆ. ಉಳಿದವರು ‘ಕ ಕಾ ಕಿ ಕೀ’ ಸರಾಗವಾಗಿ ಒಪ್ಪಿಸುತ್ತಾರೆ. ಆದರೆ ‘ಕೂ’ ಒಂದನ್ನೇ ಬರೆದು ತೋರಿಸಿದರೆ ಸಾಲಿನ ಮೊದಲಿಂದ ಹೇಳಿಕೊಂಡು ಬರಬೇಕು. ಏನು ಮಾಡಬಹುದು?

ಉತ್ತರ 1:
ಎಡವಟ್ಟು ಕಾಗುಣಿತದ್ದಲ್ಲ, ವರ್ಣಮಾಲೆಯಿಂದ ಶುರು ಮಾಡಿದ್ದರದ್ದು. 49 ಅಕ್ಷರ ಮುಗಿಯುವ ತನಕ ಓದಲು ಒಂದು ಪದವೂ ಸಿಗದಿದ್ದರೆ ದುಡಿದು ದಣಿದು ಬಂದವರು ಯಾಕೆ ಕೂರಬೇಕು? ರ, ಗ, ಸ, ದ, ಅ ಐದೇ ಕಲಿಸಿ. ಸರ, ದರ, ರಸ, ಅರಸ, ಗರಗಸ ಮೊದಲ ವಾರದಲ್ಲೇ ಓದುತ್ತಾರೆ. ಆಮೇಲೆ ಜ, ವ, ಮ, ಬ, ನ: ಜನ, ಮರ, ನಗರ, ಗಮನ. ಈ ಹತ್ತು ಕೈಗೆ ಹತ್ತಿದರೆ ಉಳಿದವಕ್ಕೆ ಕಾಯದೆ ‘ಇಳಿ’ಯೊಂದನ್ನೇ (‘ಆ’ ಸ್ವರದ ಗುರುತು) ತನ್ನಿ, ಜೋಡಿಯಲ್ಲಿ: ದರ–ದಾರ, ಸರ–ಸಾರ. ಮುಂದಿನ ವಾರ ಗುಡಿಸು (‘ಇ’ ಸ್ವರದ ಗುರುತು). ಪೂರ್ತಿ ಸಾಲನ್ನು ರಾಗವಾಗಿ ಹೇಳಿಸುವುದನ್ನು ಬಿಟ್ಟೇಬಿಡಿ. ಅವರಿಗೆ ಗೊತ್ತಾಗಿರುವುದು ರಾಗ, ಗುರುತಲ್ಲ.

ಒತ್ತಕ್ಷರಕ್ಕೂ ಇದೇ ದಾರಿ. ಮೊದಲು ಅಕ್ಕ, ಅಮ್ಮ, ಅಣ್ಣ. ವಿಜಾತಿ ಒತ್ತು, ಅಂದರೆ ಬೇರೆ ಅಕ್ಷರದ ಒತ್ತು, ನಂತರ. ಅರ್ಕಾವತ್ತು (‘ರ್’ ಅನ್ನು ಸೂಚಿಸುವ ‘ರ್ಯ’ದಂಥ ಗುರುತು) ಕೊನೆಗೆ, ಯಾಕೆಂದರೆ ‘ಸೂರ್ಯ’ದಲ್ಲಿ ಕಿವಿಗೆ ಮೊದಲು ಬೀಳುವ ‘ರ್’ ಕಣ್ಣಿಗೆ ಆಮೇಲೆ ಬೀಳುತ್ತದೆ.

ಉತ್ತರ 2:
ಮೇಲಿನವರ ಮಾತು ಸರಿ, ಒಂದು ತಕರಾರು ಬಿಟ್ಟು. ವ, ಮ ಎರಡನ್ನೂ ಒಂದೇ ದಿನ ಹೇಳಿಕೊಡಬೇಡಿ. ಬರೆಯಲು ಸುಲಭವೇನೋ ಹೌದು, ಆದರೆ ಓದುವಾಗ ‘ಮ’ ಮತ್ತು ‘ವು’ ಕಲಸಿಹೋಗುತ್ತವೆ.

ಇನ್ನು, ‘ತಲೆಗೆ ಹತ್ತುತ್ತಿಲ್ಲ’ ಎನ್ನುವ ನಲವತ್ತು ದಾಟಿದವರ ಕಣ್ಣು ಪರೀಕ್ಷೆ ಆಗಿದೆಯೇ ನೋಡಿ. ಸೂಜಿಗೆ ದಾರ ಪೋಣಿಸಲು ಕೈ ದೂರ ಚಾಚುವವರಿಗೆ ಓದುವ ಕನ್ನಡಕ ಬೇಕು. ಹೆಚ್ಚಿನವರಿಗೆ +1ರಿಂದ +2.5ರೊಳಗಿನ ಪವರ್ ಸಾಕಾಗುತ್ತದೆ. ಅಚ್ಚು 18 ಪಾಯಿಂಟಿಗಿಂತ ಸಣ್ಣದಾದರೆ ಒತ್ತಕ್ಷರ ಬರೀ ಚುಕ್ಕೆಯಂತೆ ಕಾಣುತ್ತದೆ. ದೀಪ ಬರೆಯುವ ಕೈಯ ಎದುರು ಬದಿಯಲ್ಲಿರಲಿ, ಇಲ್ಲವಾದರೆ ಕೈಯ ನೆರಳು ಅಕ್ಷರದ ಮೇಲೇ ಬೀಳುತ್ತದೆ.

ಪ್ರಶ್ನೆ ಕೇಳಿದವರು:
ಕಣ್ಣಿನ ವಿಷಯ ಹೊಳೆದಿರಲೇ ಇಲ್ಲ, ಧನ್ಯವಾದ. ಲೆಕ್ಕದಲ್ಲೂ ಹೀಗೇ ಒಂದು ಒಗಟು: ಬಾಯಿಲೆಕ್ಕದಲ್ಲಿ ನಮಗಿಂತ ಚುರುಕು, ಬರೆಯಿರಿ ಎಂದರೆ ನೂರ ಐದನ್ನು 1005 ಎನ್ನುತ್ತಾರೆ.

ಉತ್ತರ 3:
ಕೇಳಿದ ಹಾಗೇ ಬರೆದಿದ್ದಾರೆ, ‘ನೂರು’ ಆಮೇಲೆ ‘ಐದು’. ಕೂಡುವ ಕಳೆಯುವ ಪಾಠ ಮತ್ತೆ ಮೊದಲಿಂದ ಬೇಡ, ಬೇಕಿರುವುದು ಸ್ಥಾನಬೆಲೆ, ಅಂದರೆ ಅಂಕಿ ನಿಂತ ಜಾಗಕ್ಕೆ ತಕ್ಕಂತೆ ಅದಕ್ಕೆ ಬರುವ ಬೆಲೆ. ರಟ್ಟಿನಲ್ಲಿ 100, 200ರಂಥ ಉದ್ದ ಚೀಟಿ, 10ರಿಂದ 90ರವರೆಗೆ ನಡುಗಾತ್ರದವು, 1ರಿಂದ 9ರವರೆಗೆ ಸಣ್ಣವು ಕತ್ತರಿಸಿ. ಅಂಕಿಯ ಅಗಲ ಎಲ್ಲದರಲ್ಲೂ ಒಂದೇ ಇರಬೇಕು. 100ರ ಮೇಲೆ 5ನ್ನು ಬಲ ಅಂಚಿಗೆ ಸರಿಯಾಗಿ ಇಟ್ಟರೆ ಕೊನೆಯ ಸೊನ್ನೆ ಮುಚ್ಚಿ 105 ಆಗುತ್ತದೆ. ಎತ್ತಿದರೆ ಸೊನ್ನೆ ಅಡಿಯಲ್ಲೇ ಇರುತ್ತದೆ. ಇಡುವುದು, ಎತ್ತುವುದು ಅವರ ಕೈಯಿಂದಲೇ ಆಗಲಿ. 110 ಮತ್ತು 101 ಬೇರೆ ಬೇರೆ ಎಂದು ಚೀಟಿ ಜೋಡಿಸಿ ತೋರಿಸುವ ತನಕ ಪುಸ್ತಕದ ಲೆಕ್ಕ ತೆರೆಯಬೇಡಿ.