ಗೂಡು ಬಿಟ್ಟೂ ಬಿಡದ ಹಕ್ಕಿಮರಿಗೆ ನಿಮ್ಮ ಕಡೆ ಏನಂತಾರೆ?

ಬಳಗದ ಎಲ್ಲರಿಗೂ ನಮಸ್ಕಾರ.

ಒಂದು ಪದ ಬೇಕಾಗಿದೆ. ನಿಜ ಹೇಳಬೇಕೆಂದರೆ ಮೂರ್ನಾಲ್ಕು ಬೇಕು. ಉಳಿದವಕ್ಕೆ ಹೇಗೋ ದಾರಿ ಮಾಡಿಕೊಂಡಿದ್ದೇನೆ. ಒಂದರಲ್ಲಿ ಮಾತ್ರ ಎರಡು ವಾರದಿಂದ ಸಿಕ್ಕಿಹಾಕಿಕೊಂಡಿದ್ದೇನೆ.

ನಾನಿರುವುದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, ಈರಿ ಸರೋವರದ ಹತ್ತಿರ. ಪಕ್ಕದ ಮನೆಯ ಅಜ್ಜನ ಹಿತ್ತಲಲ್ಲಿ ಎತ್ತರದ ಒಂದು ಕಂಬ ಇದೆ. ಅದರ ತುದಿಯಲ್ಲಿ ಹನ್ನೆರಡು ಖಾನೆಯ ಬಿಳಿ ಪೆಟ್ಟಿಗೆ, ಅದರ ಕೆಳಗೆ ತೂಗುಹಾಕಿದ ಸೋರೆಬುರುಡೆಗಳು. ಎಲ್ಲವೂ ಪರ್ಪಲ್ ಮಾರ್ಟಿನ್ ಅನ್ನೋ ಹಕ್ಕಿಗಾಗಿ. ಊರಲ್ಲಿ ನಾವು ಕವಲುತೋಕೆ ಅಂತಿದ್ದೆವಲ್ಲ, ಅದೇ ಬಳಗದ್ದು. ಹಕ್ಕಿ ನೋಡುವವರು ಅಂಬರಕೀಚುಗ ಅನ್ನೋದನ್ನೂ ಕೇಳಿದ್ದೇನೆ. ಉತ್ತರ ಅಮೆರಿಕದ ಕವಲುತೋಕೆಗಳಲ್ಲಿ ಇದೇ ದೊಡ್ಡದು. ದೊಡ್ಡದು ಅಂದರೂ ಕೊಕ್ಕಿನಿಂದ ಬಾಲದವರೆಗೆ ಸುಮಾರು 20 ಸೆಂಟಿಮೀಟರ್, ಅಷ್ಟೇ.

ಇಲ್ಲಿನ ಭಾನುವಾರದ ಕನ್ನಡ ತರಗತಿಯಲ್ಲಿ ನಾನು ಮಕ್ಕಳಿಗೆ ಪಾಠ ಹೇಳುತ್ತೇನೆ. ರಜೆಯಲ್ಲಿ ಕಂಡದ್ದನ್ನು ಹತ್ತು ಸಾಲು ಬರೆದು ತನ್ನಿ ಅಂದಿದ್ದೆ. ಒಬ್ಬಳು ಈ ಹಕ್ಕಿಗಳ ಬಗ್ಗೆ ಬರೆದಳು. ‘ಮರಿಗಳು ಹಾರಿಹೋದವು. ಸಂಜೆ ವಾಪಸ್ ಬಂದವು. ಅವು ಟೀನೇಜ್ ಹಕ್ಕಿಗಳು.’ ಟೀನೇಜ್ ಅನ್ನೋದಕ್ಕೆ ಕನ್ನಡದಲ್ಲಿ ಏನು ಟೀಚರ್ ಅಂತ ಕೇಳಿದಳು. ನನಗೆ ತಟ್ಟನೆ ಹೊಳೆದದ್ದು ‘ಪಡ್ಡೆ’. ಪಡ್ಡೆ ಹಕ್ಕಿಗಳು! ಹೇಳಲಿಲ್ಲ. ಸಿನಿಮಾ ಪುಟಗಳು ಆ ಪದವನ್ನು ‘ಪಡ್ಡೆ ಹುಡುಗರ ನಿದ್ದೆಗೆಡಿಸಿದ ನಟಿ’ಗೆ ಮೀಸಲಿಟ್ಟುಬಿಟ್ಟಿವೆ. ಕರು ಹಾಕದ ಎಳೆ ಹಸುವಿಗೂ ಎಮ್ಮೆಗೂ ಪಡ್ಡೆ ಅಂತಾರೆ ಅನ್ನೋದು ಎಷ್ಟು ಜನಕ್ಕೆ ನೆನಪಿದೆಯೋ.

ಈಗ ವಿಷಯಕ್ಕೆ ಬರುತ್ತೇನೆ. ಈ ಮರಿಗಳು ಮೊಟ್ಟೆಯೊಡೆದ ಮೇಲೆ ಸುಮಾರು ನಾಲ್ಕು ವಾರ ಗೂಡಿನೊಳಗೇ ಇರುತ್ತವೆ. ಆಮೇಲೆ ಒಂದು ದಿನ ಹಾರುತ್ತವೆ. ಅಲ್ಲಿಗೆ ಕತೆ ಮುಗಿಯಬೇಕಿತ್ತು, ಮುಗಿಯೋದಿಲ್ಲ. ಹಗಲೆಲ್ಲ ಎಲ್ಲೋ ತಂತಿಯ ಮೇಲೆ, ಒಣಗಿದ ಮರದ ತುದಿಯಲ್ಲಿ ಕೂತಿದ್ದು, ಹೊತ್ತು ಮುಳುಗುವ ಹೊತ್ತಿಗೆ ಮತ್ತೆ ಅದೇ ಪೆಟ್ಟಿಗೆಗೆ ಬರುತ್ತವೆ. ಎಷ್ಟೋ ಮರಿಗಳು ಹಲವು ರಾತ್ರಿ ಹೀಗೇ ಮಾಡುತ್ತವೆ. ಅಪ್ಪ ಅಮ್ಮ ಇನ್ನೂ ಉಣಿಸುತ್ತಲೇ ಇರುತ್ತವೆ. ತಡವಾಗಿ ಗೂಡು ಕಟ್ಟಿದ ಜೋಡಿಗಳ ಮರಿಗಳಂತೂ ಈ ಕಡೆ ಆಗಸ್ಟ್ ಬಂದರೂ ಕಂಬ ಬಿಡೋದಿಲ್ಲ. ಬೇರೆ ಕಡೆಯ ಮರಿಗಳೂ ಬಂದು ಸೇರಿಕೊಳ್ಳುತ್ತವೆ. ಖಾನೆಯೊಳಗೆ ಇಣುಕಿ ನೋಡುತ್ತವೆ. ಅಲ್ಲಿರುವ ದೊಡ್ಡ ಹಕ್ಕಿ ಕುಕ್ಕಿ ಅಟ್ಟಿದರೆ ಪಕ್ಕದ ಖಾನೆಗೆ ಹೋಗುತ್ತವೆ.

ಹಾರಿದ ಮೇಲಿನ ಈ ಹತ್ತು ಹದಿನೈದು ದಿನದ ಹಂತದಲ್ಲಿರುವ ಮರಿಗೆ ಕನ್ನಡದಲ್ಲಿ ಏನನ್ನೋಣ?

‘ಗೂಡು ಬಿಟ್ಟ ಮರಿ’ ಅಂದು ನೋಡಿದೆ. ಸಂಜೆ ಅದೇ ಗೂಡಿನ ಬಾಗಿಲಲ್ಲಿ ಕೂತು ಬಾಯಿ ಬಿಡುತ್ತಿರುವುದನ್ನು ಬಿಟ್ಟದ್ದು ಅನ್ನೋದು ಹೇಗೆ? ‘ಹಾರಲು ಕಲಿಯುತ್ತಿರುವ ಮರಿ’ ಅಂದರೆ ಪಠ್ಯಪುಸ್ತಕದ ವಾಸನೆ. ಮೇಲಾಗಿ ಅದು ಸುಳ್ಳು. ಇವು ಚೆನ್ನಾಗಿಯೇ ಹಾರುತ್ತವೆ. ಬಾರದ್ದು ಹಾರುತ್ತಾ ಹುಳ ಹಿಡಿಯೋದು.

‘ರೆಕ್ಕೆ ಬಲಿತ ಮರಿ’ ಅನ್ನೋದು ನಮ್ಮಲ್ಲಿ ಮೊದಲಿಂದಲೂ ಇರುವ ಮಾತು. ಇಂಗ್ಲಿಷಿನ ಫ್ಲೆಜ್ಲಿಂಗ್ ಪದ ಗರಿಯನ್ನು ನೋಡುತ್ತದೆ. ನಾವು ರೆಕ್ಕೆ ನೋಡುತ್ತೇವೆ, ಅದೂ ಕಾಯಿ ಬಲಿತ ಹಾಗೆ ಬಲಿಯಿತು ಅನ್ನುತ್ತೇವೆ. ಬಲಿತ ತೆಂಗಿನಕಾಯಿ ಒಳ್ಳೇದು, ಬಲಿತ ಬೆಂಡೆಕಾಯಿ ದನಕ್ಕೆ. ಬಲಿತ ರೆಕ್ಕೆ? ‘ರೆಕ್ಕೆ ಬಲೀತು, ಹಾರಿಹೋದ’ ಅಂತ ಯಾರದಾದರೂ ಮಗನ ಬಗ್ಗೆ ಹೇಳಿದರೆ ಅದು ಹೊಗಳಿಕೆ ಅಲ್ಲ ಅಲ್ವಾ? ಆ ಮಾತಿನಲ್ಲಿ ವಾಪಸ್ ಬರೋದೇ ಇಲ್ಲ. ನನಗೆ ಬೇಕಾದದ್ದು ಬಲಿತ ಮೇಲೂ ಸಂಜೆಗೆ ಬರುವ ಮರಿ.

ಮಾವಿನಕಾಯಿಗಾದರೆ ನಮಗೆ ಪದಗಳ ಬರ ಇಲ್ಲ. ಹೀಚು, ಮಿಡಿ, ಕಾಯಿ, ದೋರೆಗಾಯಿ, ಹಣ್ಣು. ಕಾಯಿಯೂ ಅಲ್ಲದ ಹಣ್ಣೂ ಅಲ್ಲದ ಆ ಎರಡು ದಿನಕ್ಕೂ ಒಂದು ಹೆಸರು. ದನಗಳಿಗೆ ಎಳಗರು, ಕಡಸು, ಮಣಕ ಅಂತ ಊರಿಗೊಂದು. ಹಕ್ಕಿಗೆ ಬಂದರೆ ಎಲ್ಲವೂ ಮರಿ. ಇಂಥ ಹಕ್ಕಿಯನ್ನು ನಾವು ಸಾಕಲಿಲ್ಲ, ಹಾಲು ಕರೆಯಲಿಲ್ಲ, ಸಂತೆಯಲ್ಲಿ ಮಾರಲಿಲ್ಲ. ಅದಕ್ಕೇ ಇರಬೇಕು. ‘ದೋರೆಮರಿ’ ಅಂತ ಒಂದು ಪದ ಕಟ್ಟಿ ಎರಡು ದಿನ ಖುಷಿಪಟ್ಟೆ. ಆಮೇಲೆ ಸರಿಬರಲಿಲ್ಲ. ದೋರೆ ಅನ್ನೋದು ಹಣ್ಣಾಗುವ ಲೆಕ್ಕ, ಬಲಿಯುವ ಲೆಕ್ಕ ಅಲ್ಲ.

ಅಷ್ಟರಲ್ಲಿ ಅವ್ವ ಬಂದಳು. ಮದ್ದೂರಿನ ಕಡೆಯವಳು, ಆರು ತಿಂಗಳಿಗೆ ಅಂತ ಬಂದಿದ್ದಾಳೆ. ಸಂಜೆ ಹಿಂದಿನ ಮೆಟ್ಟಿಲ ಮೇಲೆ ಕೂತು ಆ ಕಂಬ ನೋಡೋದೇ ಅವಳಿಗೆ ಟಿವಿ. ಮೊನ್ನೆ ಆರು ಮರಿ ಸಾಲಾಗಿ ಕೂತಿದ್ದವು. ಬೂದು ಎದೆ, ಮಂಕು ಬೆನ್ನು, ಬಾಯಿಯ ಅಂಚಲ್ಲಿ ಇನ್ನೂ ಹಳದಿ. ತಾಯಿ ಒಂದು ಏರೋಪ್ಲೇನ್ ಚಿಟ್ಟೆ ಕಚ್ಚಿಕೊಂಡು ಬಂತು. ಆರೂ ಬಾಯಿ ತೆರೆದು ರೆಕ್ಕೆ ನಡುಗಿಸಿದವು. ತಾಯಿ ಕೊಡಲಿಲ್ಲ. ಒಂದರ ಮೂತಿಯ ಹತ್ತಿರಕ್ಕೆ ತಂದು, ಹಾಗೇ ತಿರುಗಿಸಿಕೊಂಡು ತಂತಿಯ ಕಡೆ ಹಾರಿತು. ಎರಡು ಮರಿ ಬೆನ್ನಟ್ಟಿದವು. ಮೊದಲು ಮುಟ್ಟಿದ್ದಕ್ಕೆ ಸಿಕ್ಕಿತು. ಚಿಟ್ಟೆಯ ಒಂದು ರೆಕ್ಕೆ ಬಾಯಿಂದ ಆಚೆ ಉಳಿದಿತ್ತು, ಅದನ್ನು ಒಳಗೆಳೆದುಕೊಳ್ಳೋಕೆ ಮರಿಗೆ ನಾಲ್ಕು ಸಲ ಕತ್ತು ಕೊಡವಬೇಕಾಯಿತು.

ಅವ್ವ ಅಂದಳು, ‘ರೆಕ್ಕೆ ಬಂದದೆ, ಇನ್ನೂವೆ ಗುಟುಕು ಬಿಟ್ಟಿಲ್ಲ ಕಣವ್ವ ಅವು.’

ನಾನು ಅಲ್ಲೇ ನಿಂತೆ. ಗುಟುಕು ಬಿಡೋದು! ಕರು ಹುಲ್ಲು ಮೇಯುತ್ತಿದ್ದರೂ ಕೆಚ್ಚಲಿಗೆ ಬಾಯಿ ಹಾಕುತ್ತಿದ್ದರೆ ‘ಹಾಲು ಬಿಟ್ಟಿಲ್ಲ’ ಅನ್ನುತ್ತೇವಲ್ಲ, ಅದೇ ಅಳತೆ. ಇಂಗ್ಲಿಷು ಗರಿ ನೋಡಿತು, ನಮ್ಮ ಗಾದೆಮಾತು ರೆಕ್ಕೆ ನೋಡಿತು, ಅವ್ವ ಬಾಯಿ ನೋಡಿದಳು. ಈ ಹತ್ತು ದಿನದಲ್ಲಿ ನಡೆಯೋದು ನಿಜವಾಗಿ ಅದೇ. ಹಾರಾಟ ಮುಗಿದ ಪಾಠ. ಬಿಡಬೇಕಾದದ್ದು ಗೂಡನ್ನಲ್ಲ, ಗುಟುಕನ್ನು.

ನನ್ನ ಮುಖ್ಯ ಪ್ರಶ್ನೆ ಇದು: ‘ಗುಟುಕು ಬಿಡು’, ‘ಗುಟುಕು ಬಿಡಿಸು’ ಅನ್ನೋದನ್ನು ಹಕ್ಕಿಯ ಬಗ್ಗೆ ಯಾರಾದರೂ ಕೇಳಿದ್ದೀರಾ? ಅವ್ವನನ್ನು ಕೇಳಿದರೆ ‘ಎಲ್ಲಾರೂ ಅಂತಾರಪ್ಪ’ ಅನ್ನುತ್ತಾಳೆ. ಆ ಕ್ಷಣಕ್ಕೆ ಹುಟ್ಟಿದ್ದೋ, ಊರಲ್ಲಿ ಇದ್ದದ್ದೋ ಅಂತ ಅವಳ ಬಾಯಿಂದ ಹೊರಡಿಸೋದು ಕಷ್ಟ. ಕೋಳಿ ಸಾಕುವವರಲ್ಲಿ ಇದು ಇರಲಾರದು, ಕೋಳಿಮರಿ ಮೊದಲ ದಿನದಿಂದಲೇ ತಾನೇ ಹೆಕ್ಕಿ ತಿನ್ನುತ್ತದೆ. ಪಾರಿವಾಳ, ಗಿಳಿ ಸಾಕಿದವರು ಯಾರಾದರೂ ಇದ್ದರೆ ಹೇಳಿ.

ಇನ್ನು ಉಳಿದ ಪದಗಳು.

ಪೆಟ್ಟಿಗೆಗೆ ನಾನು ‘ವಠಾರ’ ಅಂತ ಬರೆಸಿದ್ದೇನೆ. ಇದರಲ್ಲಿ ನನಗೆ ಅನುಮಾನವೇ ಇಲ್ಲ. ಒಂದೇ ಸೂರು, ಸಾಲು ಬಾಗಿಲು, ಅಕ್ಕಪಕ್ಕದ ಜಗಳ, ಬೆಳಕು ಹರಿಯುವ ಮೊದಲೇ ಗಲಾಟೆ. ಇಲ್ಲಿಯವರು ಈ ಹಕ್ಕಿಗೆ ಮನೆ ಇಟ್ಟವರನ್ನು ಲ್ಯಾಂಡ್‌ಲಾರ್ಡ್ ಅಂತಲೇ ಕರೆಯುತ್ತಾರೆ. ಅಂದರೆ ಅಜ್ಜ ವಠಾರದ ಓನರ್. ಬಾಡಿಗೆ ಮಾತ್ರ ಇಲ್ಲ. ಇದು ಬರೀ ತಮಾಷೆಯ ಹೆಸರಲ್ಲ. ರಾಕಿ ಪರ್ವತಗಳ ಪೂರ್ವಕ್ಕೆ ಈ ಹಕ್ಕಿ ಹೆಚ್ಚುಕಡಿಮೆ ಪೂರ್ತಿಯಾಗಿ ಜನ ಕಟ್ಟಿಕೊಟ್ಟ ಮನೆಯಲ್ಲೇ ಮೊಟ್ಟೆಯಿಡುತ್ತದೆ. ಮೂಲನಿವಾಸಿಗಳಾದ ಚಾಕ್ಟಾ, ಚಿಕಸಾ ಜನ ಬಿಳಿಯರು ಬರುವ ಮೊದಲೇ ಒಣಗಿದ ಸೋರೆಬುರುಡೆಯನ್ನು ತೂತು ಮಾಡಿ ಇದಕ್ಕೆ ತೂಗುಹಾಕುತ್ತಿದ್ದರಂತೆ. ಈಗಿನವು ಪ್ಲಾಸ್ಟಿಕ್ ಬುರುಡೆ.

ಅವ್ವನಿಗೆ ಈ ಓನರ್ ಲೆಕ್ಕ ಹಿಡಿಸಲಿಲ್ಲ. ಅವಳ ಊರಿಗೆ ಕೊಕ್ಕರೆಬೆಳ್ಳೂರು ಹತ್ತಿರ. ಅಲ್ಲಿ ಹುಣಸೆಮರದ ಮೇಲೆ ಗೂಡು ಕಟ್ಟುವ ಕೊಕ್ಕರೆ, ಹೆಜ್ಜಾರ್ಲೆಗಳನ್ನು ಜನ ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಅನ್ನುತ್ತಾರೆ. ‘ತವರು ಅಂದ್ಮೇಲೆ ಬಾಡಿಗೆ ಮಾತೇನು’ ಅಂದಳು. ಆಮೇಲೆ ಅಜ್ಜ ಒಂದು ಖಾನೆಯಿಂದ ಗುಬ್ಬಚ್ಚಿ ಗೂಡು ಕಿತ್ತು ಎಸೆದದ್ದನ್ನು ಕಂಡು ಎರಡು ದಿನ ಅವರತ್ತ ನೋಡಲೇ ಇಲ್ಲ. ನಮ್ಮ ಗುಬ್ಬಚ್ಚಿ ಇಲ್ಲಿ ಹೊರಗಿನದು, 1850ರ ಆಸುಪಾಸಿನಲ್ಲಿ ಬ್ರೂಕ್ಲಿನ್‌ನಲ್ಲಿ ತಂದು ಬಿಟ್ಟದ್ದು, ಮಾರ್ಟಿನ್ನಿನ ಮೊಟ್ಟೆ ಒಡೆದು ಜಾಗ ಹಿಡಿಯುತ್ತದೆ ಅಂತ ವಿವರಿಸಿದೆ. ‘ನಾವೂ ಹೊರಗಿನವರೇ ಅಲ್ವಾ’ ಅಂದಳು. ಇದು ಪದಚರ್ಚೆಗೆ ಸಂಬಂಧವಿಲ್ಲ, ಸುಮ್ನೆ ಬರೆದೆ.

ಹಕ್ಕಿಯ ಹೆಸರು. ಹೆಸರಲ್ಲಿ ಪರ್ಪಲ್ ಇದ್ದರೂ ಗಂಡು ಹಕ್ಕಿ ಮೊದಲ ನೋಟಕ್ಕೆ ಕಪ್ಪು. ಬಿಸಿಲು ಬಿದ್ದಾಗ ಮಾತ್ರ ನೀಲಿ, ನೇರಳೆಯ ಹೊಳಪು. ಇಂಗ್ಲಿಷಿನವರು ಇದು ತಪ್ಪು ಹೆಸರು ಅಂತ ಗೊಣಗುತ್ತಾರೆ. ನಮಗೆ ಆ ಕಷ್ಟ ಇಲ್ಲ. ಚೆನ್ನಾಗಿ ಹಣ್ಣಾದ ನೇರಳೆ ಹಣ್ಣಿನ ಬಣ್ಣ ಅದೇ ತಾನೆ? ‘ನೇರಳೆ ಕವಲುತೋಕೆ’ ಅಂತ ಇಟ್ಟುಕೊಂಡಿದ್ದೇನೆ. ಇದಕ್ಕಿಂತ ಒಳ್ಳೇದಿದ್ದರೆ ಹೇಳಿ.

ಕೊನೆಯದು, ಈ ಮರಿಗಳು ಕಂಬದ ಸುತ್ತ ಮಾಡುತ್ತಿರುವ ಕೆಲಸಕ್ಕೆ ಕ್ರಿಯಾಪದ. ‘ಠಳಾಯಿಸು’ ಅಂದರೆ ಮರಿಗಳು ಬಸ್ ಸ್ಟ್ಯಾಂಡಿನ ಪುಂಡರಾಗುತ್ತವೆ. ‘ಮೀನಮೇಷ ಎಣಿಸು’ ಅಂದರೆ ಹೊರಡೋದೋ ಬೇಡವೋ ಅನ್ನೋ ಅನುಮಾನ ಬರುತ್ತದೆ, ಇವಕ್ಕೆ ಅನುಮಾನವೇನೂ ಇಲ್ಲ. ‘ಸುಳಿದಾಡು’ ಪರವಾಗಿಲ್ಲ, ಸ್ವಲ್ಪ ತೆಳು. ನನಗೆ ಹಿಡಿಸಿದ್ದು ‘ತಂಗು’. ಹೊರಟವರು ನಡುವೆ ನಿಲ್ಲೋದು. ಮುಂದಿನ ಹಂತಕ್ಕೂ ಅದೇ ಆಗುತ್ತದೆ. ಕಂಬ ಬಿಟ್ಟ ಮೇಲೆ ಇವು ನೇರ ದಕ್ಷಿಣಕ್ಕೆ ಹೋಗೋದಿಲ್ಲ. ಸಾವಿರಗಟ್ಟಲೆ ಹಕ್ಕಿ ಒಂದೇ ಕಡೆ ಸೇರಿ ರಾತ್ರಿ ಕಳೆಯುತ್ತವೆ. ದಕ್ಷಿಣ ಕ್ಯಾರೊಲೈನಾದ ಮರ್ರಿ ಸರೋವರದಲ್ಲಿ ಒಂದು ದ್ವೀಪ ಇದೆ. ಎರಡನೇ ಮಹಾಯುದ್ಧದಲ್ಲಿ ಬಾಂಬ್ ಹಾಕೋದನ್ನು ಅಲ್ಲಿ ಅಭ್ಯಾಸ ಮಾಡುತ್ತಿದ್ದರು. ಬೇಸಿಗೆಯ ಕೊನೆಗೆ ಅಲ್ಲಿ ಲಕ್ಷಗಟ್ಟಲೆ ಸೇರುತ್ತವೆ. ಬೆಳಗ್ಗೆ ಎಲ್ಲವೂ ಒಟ್ಟಿಗೆ ಏಳುವಾಗ ಹವಾಮಾನದ ರಾಡಾರಿನಲ್ಲಿ ಬಳೆಯ ಹಾಗೆ ಕಾಣುತ್ತದೆ. ಆ ಜಾಗಕ್ಕೆ ‘ತಂಗುದಾಣ’. ಬಸ್ಸಿಗೆ ಕಾಯುವ ಜಾಗಕ್ಕೂ ನಮ್ಮೂರಲ್ಲಿ ಅದೇ ಬೋರ್ಡು.

ಅಲ್ಲಿಂದ ಬ್ರೆಜಿಲ್. ಪೆನ್ಸಿಲ್ವೇನಿಯಾದಲ್ಲೇ 2007ರಲ್ಲಿ ಕೆಲವು ಹಕ್ಕಿಗಳ ಬೆನ್ನಿಗೆ ಪುಟ್ಟ ಉಪಕರಣ ಕಟ್ಟಿ ಬಿಟ್ಟಿದ್ದರು. ಒಂದು ಹೆಣ್ಣು ಹಕ್ಕಿ ಹೋಗೋಕೆ ತೆಗೆದುಕೊಂಡದ್ದು 43 ದಿನ. ವಸಂತದಲ್ಲಿ ವಾಪಸ್ ಬರೋಕೆ ಬರೀ 13. ಹೋಗುವಾಗ ದಾರಿಯಲ್ಲೂ ತಂಗುತ್ತಾ ಹೋಗುತ್ತವೆ. ಇದಕ್ಕೆ ‘ವಲಸೆ’ ಅಂತಲೇ ಬರೆಸಿದ್ದೇನೆ. ಒಬ್ಬ ಹುಡುಗನ ಅಜ್ಜಿ ರಾಯಚೂರಿನವರು, ಅವನು ‘ಗುಳೆ’ ಅಂತ ಬರೆದಿದ್ದ. ಹೊಟ್ಟೆಪಾಡಿಗೆ ಊರು ಬಿಟ್ಟು, ಮಳೆ ಬಂದಾಗ ಮರಳೋದು. ಯೋಚಿಸಿದರೆ ಅವನದೇ ಹೆಚ್ಚು ಸರಿ. ತಿದ್ದದೆ ಹಾಗೇ ಬಿಟ್ಟೆ. ತಪ್ಪು ಮಾಡಿದೆನಾ?

ಮಕ್ಕಳ ಬರಹಗಳನ್ನು ಮುಂದಿನ ಭಾನುವಾರ ಗೋಡೆಗೆ ಅಂಟಿಸಬೇಕು. ಟೀನೇಜ್ ಹಕ್ಕಿಯ ಜಾಗದಲ್ಲಿ ಸದ್ಯಕ್ಕೆ ಪೆನ್ಸಿಲ್‌ನಲ್ಲಿ ‘ಗುಟುಕು ಬಿಡದ ಮರಿ’ ಅಂತ ಬರೆದಿಟ್ಟಿದ್ದೇನೆ. ಅಷ್ಟರೊಳಗೆ ನಿಮ್ಮ ಊರಿನ ಪದ ಬಂದರೆ ಅಳಿಸಿ ಅದನ್ನೇ ಬರೆಯುತ್ತೇನೆ. ಕಂಬದ ಮೇಲೆ ಮೊನ್ನೆ ಆರು ಇದ್ದವು, ಇವತ್ತು ಸಂಜೆ ಎರಡೇ ಬಂದವು.